ಕನ್ನಡಿಯಲ್ಲಿ ಕಲಿತ ಅಕ್ಷರ

ನನ್ನ ಗಂಡ ಕ್ಷೌರಿಕ. ಕೈ ಚುರುಕು, ಬಾಯಿ ಮೆತ್ತಗೆ. ಎದುರು ಮಾತಾಡುವ ಕೆಲಸವನ್ನೆಲ್ಲ ಮದುವೆಯಾದಂದಿನಿಂದ ನಾನೇ ವಹಿಸಿಕೊಂಡಿದ್ದೇನೆ.

ಗೋಡೆ ಬಿರುಕು ಬಿಟ್ಟಿದೆ ಎಂದು ನಮ್ಮ ಬೀದಿಯ ಶಾಲೆಗೆ ಬೀಗ ಹಾಕಿದರು. 'ಪಾಠದ ವೀಡಿಯೊಗಳು ಇಂಟರ್ನೆಟ್ಟಿನಲ್ಲಿವೆ, ಮೊಬೈಲಿನಲ್ಲಿ ನೋಡಿಕೊಳ್ಳಿ' ಎಂದು ಬಾಗಿಲಿಗೆ ಚೀಟಿ ಅಂಟಿಸಿ ಕೈತೊಳೆದುಕೊಂಡರು. ಯಾರ ಮೊಬೈಲು? ಯಾವ ಇಂಟರ್ನೆಟ್ಟು? ನಮ್ಮಲ್ಲಿ ಫೋನಿನಲ್ಲಿ ಮಾತಾಡಬೇಕೆಂದರೇ ಮಹಡಿ ಹತ್ತಬೇಕು. ಹೇಳುವವರಿಗೇನು, ಬಾಯಿಗೆ ಬಂದದ್ದು ಹೇಳುತ್ತಾರೆ!

ಇವರು ವಾರದ ರಜೆಯಂದು ಬಸ್ಸು ಹತ್ತಿ ಪೇಟೆಯಲ್ಲಿರುವ ತಮ್ಮನ ಮನೆಗೆ ಹೋಗಿ, ಪಾಠಗಳನ್ನು ಪೆನ್ ಡ್ರೈವಿಗೆ ತುಂಬಿಸಿಕೊಂಡು ಬರುತ್ತಿದ್ದರು. ಅಂಗಡಿಯ ಟೀವಿಯಲ್ಲಿ ಮಕ್ಕಳಿಗೆ ಹಾಕಿ ತೋರಿಸುತ್ತಿದ್ದರು. ಗಿರಾಕಿಗಳು "ಮ್ಯಾಚ್ ಹಾಕಪ್ಪಾ" ಎಂದು ಗೊಣಗಿದರೆ, "ಗುಣಾಕಾರ ಮುಗೀಲಿ ಸಾರ್, ತಲೆ ಅಲ್ಲಾಡಿಸ್ಬೇಡಿ" ಎಂದು ಕತ್ತರಿ ಆಡಿಸುತ್ತಿದ್ದರು.

ಕುರ್ಚಿಯಲ್ಲಿ ಕೂತವರಿಗೆ ಕನ್ನಡಿಯಲ್ಲಿ ಕಾಣಲೆಂದು ಟೀವಿಯನ್ನು ಹಿಂದಿನ ಗೋಡೆಗೆ ಹಾಕಿದ್ದರು. ಅದರ ಕೆಳಗಿನ ಬೆಂಚೇ ಮಕ್ಕಳ ತರಗತಿ. ಹಾಗಾಗಿ ಅವರೂ ಕನ್ನಡಿಯಲ್ಲೇ ನೋಡುತ್ತಿದ್ದರು. ದೊಡ್ಡ ಮಕ್ಕಳಿಗೆ ಅಕ್ಷರ ಮೊದಲೇ ಗೊತ್ತಿತ್ತು. ಇಸ್ತ್ರಿ ಅಂಗಡಿಯವಳ ಮಗಳು ಗಿಣಿ ಮಾತ್ರ ಶಾಲೆಯ ಮೆಟ್ಟಿಲನ್ನೇ ತುಳಿದವಳಲ್ಲ. ಏನು ಕೇಳಿದರೂ ಪಟಪಟನೆ ಉತ್ತರ ಹೇಳುತ್ತಿದ್ದಳು. ಅವಳು ಬರೆದದ್ದನ್ನು ನಾವ್ಯಾರೂ ನೋಡಿರಲಿಲ್ಲ.

ಕೊನೆಗೂ ಶಾಲೆ ತೆರೆಯಿತು. ಗಿಣಿಯನ್ನು ಸೇರಿಸಲು ಅವಳ ಅಮ್ಮನ ಜೊತೆ ನಾವಿಬ್ಬರೂ ಹೋದೆವು. ಹೆಡ್ ಮೇಡಂ ಸೀಮೆಸುಣ್ಣ ಕೊಟ್ಟು ಬರೆಯಲು ಹೇಳಿದರು. ಗಿಣಿ ಬೋರ್ಡಿನ ಬಲತುದಿಯಿಂದ ಶುರುಮಾಡಿ ಸ್ವರಗಳನ್ನೆಲ್ಲ ಬರೆದಳು. ಒಂದೊಂದೂ ತಿರುಗುಮುರುಗು!

"ಈ ಮಗೂಗೆ ಬುದ್ಧಿ ಬೆಳೆದಿಲ್ಲ. ಇಲ್ಲಿ ಸೇರಿಸ್ಕೊಳ್ಳೋಕಾಗಲ್ಲ. ಬುದ್ಧಿಮಾಂದ್ಯರ ಶಾಲೆ ಎಲ್ಲಾದ್ರೂ ಇದ್ರೆ ನೋಡಿ" ಎಂದರು ಮೇಡಂ. ಅದೂ ಗಿಣಿಯ ಎದುರಿಗೇ. ಅವಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಇವರು ಅಂಗಡಿಗೆ ಓಡಿದರು. ಗಿರಾಕಿಗಳಿಗೆ ತಲೆಯ ಹಿಂಭಾಗ ತೋರಿಸುವ ಕೈಗನ್ನಡಿ ತಂದು ಬೋರ್ಡಿಗೆ ಹಿಡಿದರು. ಅ, ಆ, ಇ, ಈ... ಕನ್ನಡಿಯಲ್ಲಿ ಒಂದೂ ತಪ್ಪಿಲ್ಲ. "ಮಗೂದೇನೂ ತಪ್ಪಿಲ್ಲ ಮೇಡಂ. ನಾನು ಟೀವಿ ಹಾಕಿರೋ ಜಾಗ ಹಂಗಿದೆ" ಎಂದು, ಜೇಬಿನಿಂದ ಪೆನ್ ಡ್ರೈವ್ ತೆಗೆದು ತೋರಿಸಿ ಎಲ್ಲವನ್ನೂ ವಿವರಿಸಿದರು.

"ಕಟಿಂಗ್ ಶಾಪಲ್ಲಿ ಕಲಿತ್ರೆ ಇನ್ನೇನಾಗುತ್ತೆ? ತಿದ್ದಿಸ್ಕೊಂಡು ಮುಂದಿನ ವರ್ಷ ಬನ್ನಿ" ಎಂದರು ಮೇಡಂ.

ನನ್ನ ಮೈಯೆಲ್ಲ ಉರಿದುಹೋಯಿತು. ತಿದ್ದಲಿಕ್ಕಲ್ಲದೆ ಮತ್ಯಾವ ಸಂಭ್ರಮಕ್ಕೆ ಶಾಲೆ? ಬೀಗ ಹಾಕಿದ್ದು ಶಾಲೆಯವರು, ಚೀಟಿ ಅಂಟಿಸಿದ್ದು ಶಾಲೆಯವರು, ದಡ್ಡಿ ಅನ್ನಿಸಿಕೊಳ್ಳಲು ಮಾತ್ರ ಈ ಪುಟ್ಟ ಮಗು ಬೇಕಾಯಿತೇ?

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ದನಿ ತಗ್ಗಿಸಿದರು. "ಅಂದಹಾಗೆ... ಆ ಪೆನ್ ಡ್ರೈವ್ ಇಲ್ಲೇ ಬಿಟ್ಟು ಹೋಗ್ತೀರಾ? ಮಕ್ಕಳಿಗೆ ವೀಡಿಯೊ ತೋರಿಸಿ ಅಂತ ಮೇಲಿನವರು ಜೀವ ತಿಂತಿದಾರೆ. ಶಾಲೇಲೂ ನೆಟ್ ಇಲ್ಲ."

ಅಬ್ಬಾ, ಆ ಮುಖಕ್ಕೆ ಏನನ್ನಬೇಕು!

ಇವರು ಕೊಟ್ಟೇಬಿಡುತ್ತಿದ್ದರು, ಅಂಥ ಮನುಷ್ಯ. ನಾನು ಕೈಯಿಂದ ಕಸಿದುಕೊಂಡೆ.

"ನಾಚಿಕೆ ಆಗಲ್ವಾ ನಿಮಗೆ? ಮೊದಲು ಹುಡುಗಿ ಹೆಸರು ಬರ್ಕೊಳ್ಳಿ. ಆಮೇಲೆ ಇದರ ಮಾತು."

ಮೇಡಂ ನನ್ನ ಮುಖ ನೋಡಿದರು, ಮುಷ್ಟಿ ನೋಡಿದರು. ಪೆನ್ನಿನ ಮುಚ್ಚಳ ತೆಗೆದು, ಅಷ್ಟು ಹೊತ್ತಿನಲ್ಲಿ ಮೊದಲ ಸಲ ಗಿಣಿಯ ಮುಖ ನೋಡಿ ಕೇಳಿದರು:

"ನಿನ್ನ ಹೆಸರೇನಮ್ಮ?"