ಕಂಡಕ್ಟರು ಹೆಣೆದ ಜಡೆ

ನಮ್ಮ ಪಕ್ಕದ ಮನೆಯ ಕಂಡಕ್ಟರು ಬಂದು ನಿಂತರೆ ಲಿಫ್ಟೇ ಬಸ್ಸಾಗಿಬಿಡುತ್ತಿತ್ತು. "ಒಳಗಡೆ ಜಾಗ ಇದೆ, ಮುಂದಕ್ಕೆ ಸರೀರಿ, ಬಾಗಿಲಲ್ಲಿ ಯಾರೂ ನಿಲ್ಬೇಡಿ" ಎನ್ನುವರು. ಊರುಗೋಲಿನವರು, ಗಾಲಿಕುರ್ಚಿಯವರು, ಎಲ್ಲರೂ ನಗುತ್ತಾ ಸರಿಯುತ್ತಿದ್ದೆವು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಎರಡೂ ಕಾಲು ಅಗಲಿಸಿ ನಿಲ್ಲುವ ಅಭ್ಯಾಸ ಅವರಿಂದ ಹೋಗಿರಲಿಲ್ಲ. ನೆಲ ಈಗಲೋ ಆಗಲೋ ಕುಲುಕುತ್ತದೆ ಎಂದು ಕಾಯುವವರ ಹಾಗೆ ನಿಲ್ಲುತ್ತಿದ್ದರು.

ನಾವಿರುವುದು ವಯಸ್ಸಾದವರಿಗೆಂದೇ ಕಟ್ಟಿದ ಕಟ್ಟಡ. ಆಸ್ಪತ್ರೆಯಲ್ಲ. ಒಂದೊಂದು ಮನೆಗೂ ಒಂದು ಕೋಣೆ, ಪುಟ್ಟ ಅಡುಗೆಮನೆ, ಬಚ್ಚಲು, ಮುಂಬಾಗಿಲಿಗೆ ನಮ್ಮದೇ ಬೀಗದಕೈ. ನಮ್ಮ ಕೈಲಿ ಆಗದ ಕೆಲಸಕ್ಕೆ ಮಾತ್ರ ಆರೈಕೆಯವರು ಬರುತ್ತಾರೆ. ನನಗೆ ಬೆನ್ನಿಗೆ ಕೈ ಹೋಗದು, ಬಗ್ಗಿ ಪಾದ ತೊಳೆಯಲಾಗದು. ಅಷ್ಟಕ್ಕೆ ಬರುತ್ತಾರೆ.

ನಮ್ಮ ಮಹಡಿಗೆ ಬರುವವಳಿಗೆ ಬೆಣ್ಣೆಕೈ ಎಂದು ಹೆಸರು ಬಿದ್ದಿದೆ. ಮಗಳನ್ನು ಮದುವೆ ಮಾಡಿಕೊಟ್ಟಿರುವ ಹೆಂಗಸು. ಬಾಗಿಲು ತಟ್ಟಿ, ನಾನು "ಬಾ" ಎನ್ನುವ ತನಕ ಹೊರಗೇ ನಿಂತಿರುತ್ತಾಳೆ. ನೀರನ್ನು ಮೊದಲು ತನ್ನ ಮೊಣಕೈಗೆ ಸುರಿದುಕೊಂಡು ನೋಡುತ್ತಾಳೆ, ಆಮೇಲೆ ನನ್ನ ಅಂಗೈಗೆ, ಆಮೇಲೆ ಭುಜಕ್ಕೆ. ಒಂದು ಕಡೆ ತೊಳೆಯುವಾಗ ಇನ್ನೊಂದು ಕಡೆಗೆ ಟವೆಲ್ಲು ಹೊದಿಸಿರುತ್ತಾಳೆ. ಯಜಮಾನರು ಹೋದ ಮೇಲೆ ನನ್ನ ಬೆನ್ನು ಮುಟ್ಟಿದ ಮೊದಲ ಕೈ ಅವಳದು. ಅವಳು ಬಾಗಿಲೆಳೆದುಕೊಂಡು ಹೋದ ಮೇಲೂ ಸ್ವಲ್ಪ ಹೊತ್ತು ನಾನು ಕುರ್ಚಿಗೆ ಒರಗದೆ ನೆಟ್ಟಗೆ ಕೂತಿರುತ್ತೇನೆ. ಒರಗಿದರೆ ಆ ಬಿಸುಪು ಕುರ್ಚಿಯ ಪಾಲಾಗುತ್ತದೆ.

ಇಂಥವಳ ಒಳ್ಳೆಯತನದಿಂದಲೇ ಕಂಡಕ್ಟರಿಗೆ ಕಷ್ಟ ಬಂತು.

ಕಂಡಕ್ಟರು ಹೆಂಡತಿಯೊಡನೆ ಇಲ್ಲಿಗೆ ಬಂದಾಗ ಆಕೆಗೆ ಮರೆವು ಆಗಷ್ಟೇ ಶುರುವಾಗಿತ್ತು. ಎಲ್ಲರೂ ಆಕೆಯನ್ನು ಕಂಡಕ್ಟರಮ್ಮ ಎನ್ನುತ್ತಿದ್ದೆವು. ಸಂಜೆ ಹೊತ್ತು ಮೊಗಸಾಲೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಹಳೆಯ ಮಾತು ತೆಗೆಯುವರು. ಆಕೆ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ದುಡಿದವರು. ಒದ್ದೆ ದುಪ್ಪಟಿಗಳನ್ನು ಎತ್ತಿ ಎತ್ತಿ ಬಲಭುಜ ಹಿಡಿದುಕೊಂಡು, ಕೈ ಕಿವಿಯಿಂದ ಮೇಲಕ್ಕೆ ಏಳದಂತಾಯಿತಂತೆ. ಕೂದಲು ಬಾಚಿಕೊಳ್ಳುವುದು ಹೇಗೆ? ಕಂಡಕ್ಟರು ಕಿಟಕಿ ಸರಳಿಗೆ ಮೂರು ಹುರಿ ಕಟ್ಟಿ, ಹೆಣೆದು ಬಿಚ್ಚಿ ಹೆಣೆದು ಬಿಚ್ಚಿ ಜಡೆ ಹಾಕುವುದನ್ನು ಕಲಿತರು. ಮೊದಲ ಬಸ್ಸಿಗೆ ಓಡುವ ಮುಂಚೆ ಹೆಂಡತಿಗೆ ಜಡೆ ಹಾಕಿಯೇ ಹೋಗುವರು. ಇಲ್ಲಿಗೆ ಬಂದ ಮೇಲೂ ಬೆಳಗಿನ ಜಡೆ ಅವರದೇ.

"ಅವರು ಎಳೆಯೋ ರಭಸಕ್ಕೆ ನನ್ನ ಹುಬ್ಬು ಹಣೆ ಮೇಲೆ ಹೋಗ್ತಿತ್ತು ಅಕ್ಕಾ" ಎಂದು ಆಕೆ ನಕ್ಕಿದ್ದರು. "ಇಡೀ ದಿನ ಏನೋ ಕಂಡು ಬೆಚ್ಚಿಬಿದ್ದೋಳ ಥರ ಓಡಾಡ್ತಿದ್ದೆ. ಕೆಲಸದ ಕಡೆ ಎಲ್ಲರೂ, ಏನಾಯ್ತೇ, ಏನಾಯ್ತೇ ಅನ್ನೋರು."

ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಭುಜ ಆ ವರ್ಷವೇ ವಾಸಿ ಆಯ್ತು. ನಾನು ಹೇಳ್ಲೇ ಇಲ್ಲ. ನೀವೂ ಹೇಳ್ಬೇಡಿ" ಎಂದರು.

ವರ್ಷ ಕಳೆಯುತ್ತಾ ಆಕೆಗೆ ಮುಖಗಳು ಮರೆತವು. ನಾನು ಯಾರೋ ಆದೆ. ಮಗ ಬಂದರೆ ಕೈಮುಗಿದು ಕೂರಿಸುವರು. ಕಂಡಕ್ಟರನ್ನೂ ಮಧ್ಯಾಹ್ನದ ಹೊತ್ತಿಗೆ "ನೀವು ಯಾರ ಕಡೆಯವರು?" ಎಂದು ಕೇಳಿದ್ದುಂಟು. ಆದರೆ ಬೆಳಗಿನಲ್ಲಿ ಮಾತ್ರ ಗಂಡನೊಡನೆ ಚೆನ್ನಾಗಿ ಮಾತಾಡುವರು, ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. ರಾತ್ರಿಯ ನಿದ್ದೆಯಿಂದ ತಲೆ ತಿಳಿಯಾಗಿರುತ್ತದೆ ಎಂದು ಕಂಡಕ್ಟರು ಹೇಳುವರು. ನಾನೂ ಹೌದೆಂದುಕೊಂಡಿದ್ದೆ.

ಅಷ್ಟರಲ್ಲಿ ಕಂಡಕ್ಟರ ಬೆರಳುಗಳ ಗಿಣ್ಣು ಊದಿಕೊಂಡಿತು. ಯಾರಿಗೆ ಏನು ಬೇಕಾಗಿದೆ ಎಂದು ಕೇಳಿಕೊಂಡು ಮೇಲ್ವಿಚಾರಕಿ ಆಗಾಗ ಎಲ್ಲರ ಮನೆಗೂ ಬರುತ್ತಾರೆ. ಅವರೆದುರು ಇವರು, "ಬೆಳಿಗ್ಗೆ ಹೊತ್ತು ಬೆರಳು ಮಡಚೋಕೇ ಆಗಲ್ಲ ಮೇಡಂ" ಎಂದರು. ಸುಮ್ಮನೆ ಹೇಳಿಕೊಂಡದ್ದು. ಆಕೆಯನ್ನು ಮೀಯಿಸಿ ಬಟ್ಟೆ ಉಡಿಸುತ್ತಿದ್ದ ಬೆಣ್ಣೆಕೈ ಅಲ್ಲೇ ಇದ್ದವಳು, "ಅಯ್ಯೋ, ಅದಕ್ಕೇನಂತೆ! ಜಡೆನೂ ನಾನೇ ಹಾಕ್ತೀನಿ ಬಿಡಿ ಯಜಮಾನ್ರೇ" ಎಂದಳು.

ಅವಳು ಹಾಕಿದ ಜಡೆಯನ್ನು ನೋಡಬೇಕು. ಬೈತಲೆ ದಾರ ಹಿಡಿದು ಎಳೆದಂತೆ. ಒಂದು ಕೂದಲೂ ಎದ್ದಿರುತ್ತಿರಲಿಲ್ಲ, ಕಂಡಕ್ಟರಮ್ಮನಿಗೆ ನೋವೂ ಇಲ್ಲ. ಕಂಡಕ್ಟರು ನನಗೆ ತೋರಿಸಿ, "ನೋಡಿ ಅಕ್ಕಾ, ಇಷ್ಟು ಕಾಲ ಅವಳ ತಲೆ ಮೇಲೆ ನಾನು ಹಗ್ಗ ಹೊಸೀತಿದ್ದೆ ಅಷ್ಟೇ" ಎಂದು ನಕ್ಕರು. ನಕ್ಕು, ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡರು.

ಆಮೇಲೆಯೇ ಕಂಡಕ್ಟರಮ್ಮ ಬಾಗಿಲು ಕಾಯಲು ಶುರುಮಾಡಿದ್ದು. "ನಮ್ಮನೆಯವರು ಇನ್ನೂ ಬರ್ಲಿಲ್ವಾ?" ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಕಾಯಿಲೆ ಒಂದು ಮೆಟ್ಟಿಲು ಏರಿದೆ ಎಂದು ಎಲ್ಲರೂ ಅಂದರು. ಊಟದ ತಟ್ಟೆಯನ್ನು ಮುಚ್ಚಿಟ್ಟು, ಅವರು ಬರಲಿ ಎಂದು ಕೂರುವರು. ಮೈ ಇಳಿಯುತ್ತಾ ಬಂತು.

ಒಂದು ಮಧ್ಯಾಹ್ನ ಹೋದೆ. ಗಂಡಹೆಂಡತಿ ಎದುರುಬದುರು ಕೂತಿದ್ದರು. ಆಕೆ ನನ್ನ ಕಡೆ ಬಗ್ಗಿ, ಗುಟ್ಟಿನ ದನಿಯಲ್ಲಿ, "ಪಾಪ, ಇವರು ಯಾರೋ, ಆಗಿಂದ ಕೂತಿದಾರೆ. ನಮ್ಮನೆಯವರು ಇದ್ದಿದ್ರೆ ಮಾತಾಡಿಸ್ತಿದ್ರು" ಎಂದರು.

"ಪರವಾಗಿಲ್ಲಮ್ಮಾ" ಎಂದರು ಕಂಡಕ್ಟರು. "ಅವರು ನಿಧಾನವಾಗಿ ಬರ್ಲಿ. ನಂಗೇನೂ ಅವಸರ ಇಲ್ಲ."

ನನ್ನನ್ನು ಬಾಗಿಲ ತನಕ ಕಳಿಸಲು ಬಂದವರು ಹೊರಗೆ ಗೋಡೆ ಹಿಡಿದು ನಿಂತರು. "ಅಲ್ಲಿ ಕೂತ್ಕೊಂಡು ನನ್ನ ದಾರಿನೇ ಕಾಯ್ತಿದಾಳೆ ಅಕ್ಕಾ. ನಾನು ಎಲ್ಲಿಂದ ಅಂತ ಬರ್ಲಿ?" ಎಂದರು. ನಾನೂ ಒಬ್ಬರ ದಾರಿ ನೋಡುವವಳೇ, ಆದರೆ ಅವರು ಬರುವುದಿಲ್ಲವೆಂದು ನನಗೆ ಗೊತ್ತು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ, ಅವರ ಬಟ್ಟಲನ್ನು ಹಿಂದಿರುಗಿಸಲು ಹೋಗಿದ್ದೆ. ಬೆಣ್ಣೆಕೈ ಆಕೆಗೆ ತಲೆಸ್ನಾನ ಮಾಡಿಸಿ ಕೂರಿಸಿದ್ದಳಷ್ಟೇ, ಕೆಳಗಿನ ಮಹಡಿಯಲ್ಲಿ ಯಾರೋ ಜಾರಿಬಿದ್ದರೆಂದು ಗಂಟೆ ಬಡಿಯಿತು. "ಹೀಗೆ ಹೋಗಿ ಹಾಗೆ ಬಂದೆ" ಎಂದು ಓಡಿದಳು. ಕೂದಲ ನೀರು ಆಕೆಯ ಬೆನ್ನಿಗೆ ಇಳಿಯುತ್ತಿತ್ತು. "ಶೀತ ಆಗುತ್ತೆ" ಎನ್ನುತ್ತಾ ಕಂಡಕ್ಟರು ಟವೆಲ್ಲು ತಂದು ಒರೆಸಿದರು, ಸಿಕ್ಕು ಬಿಡಿಸಿದರು. ಬೆಣ್ಣೆಕೈ ಬರಲಿಲ್ಲ. ಅವರು ನನ್ನ ಮುಖ ನೋಡಿದರು, ಆಮೇಲೆ ಕೂದಲನ್ನು ಮೂರು ಪಾಲು ಮಾಡಿದರು.

ಬೆರಳು ಮಡಚುತ್ತಿರಲಿಲ್ಲ. ಬಸ್ಸಿನಲ್ಲಿ ನೋಟುಗಳನ್ನು ಉದ್ದಕ್ಕೆ ಮಡಿಸಿ ಬೆರಳ ಸಂದಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗೆ ಒಂದೊಂದು ಪಾಲನ್ನೂ ಬೆರಳ ಸಂದಿಗೆ ಸಿಕ್ಕಿಸಿಕೊಂಡು ಇಡೀ ಮುಂಗೈಯಿಂದ ಎಳೆದರು. ಆಕೆಯ ಹುಬ್ಬು ಮೇಲೆ ಹೋಯಿತು.

"ಮೆಲ್ಲಗೆ ರೀ! ಇದೇನು ಬಸ್ಸಿನ ಗಂಟೆ ಹಗ್ಗಾನಾ?"

ಕಂಡಕ್ಟರ ಕೈ ನಿಂತಿತು.

"ಎಲ್ಲಿಗೆ ಹೋಗಿದ್ರಿ ಇಷ್ಟು ದಿನ?" ಎಂದರು ಆಕೆ, ಹಿಂದಕ್ಕೆ ತಿರುಗದೆ.

"ಬಸ್ಸು ಕೆಟ್ಟು ನಿಂತಿತ್ತು ಕಣೇ."

"ಹೊಟ್ಟೆಗೇನಾದ್ರೂ ಹಾಕ್ಕೊಂಡ್ರಾ?"

"ಇನ್ನೂ ಇಲ್ಲ. ನೀನು?"

"ನೀವು ಬರ್ದೆ ನಾನು ಹೇಗೆ ತಿನ್ಲಿ?"

ಜಡೆ ತುದಿ ಮುಟ್ಟಿತು. ಕಂಡಕ್ಟರು ಗಂಟು ಹಾಕಲಿಲ್ಲ. ಎಲ್ಲವನ್ನೂ ಬಿಚ್ಚಿ ಮತ್ತೆ ಬುಡದಿಂದ ಹೆಣೆಯತೊಡಗಿದರು. ಮುಗಿದರೆ ಮತ್ತೆ ಬಿಚ್ಚುವರು. ನಾನು ಬಟ್ಟಲನ್ನು ಕೈಯಲ್ಲಿ ಹಿಡಿದೇ ನಿಂತಿದ್ದೆ.

ಏದುಸಿರು ಬಿಡುತ್ತಾ ಬಂದ ಬೆಣ್ಣೆಕೈಗೆ ಕಂಡದ್ದು ಊದಿದ ಬೆರಳುಗಳು ಮಾತ್ರ. "ಅಯ್ಯೋ, ನಿಮಗ್ಯಾಕೆ ಈ ಪಾಡು, ಕೊಡಿ ಇಲ್ಲಿ" ಎಂದು ಜಡೆಯನ್ನು ತೆಗೆದುಕೊಂಡಳು. ಅವಳ ಕೈ ತಗುಲಿದ್ದೇ ಕಂಡಕ್ಟರಮ್ಮ ಮಾತು ನಿಲ್ಲಿಸಿದರು. "ಹೊರಟೇಬಿಟ್ರಾ?" ಎಂದು ಬಾಗಿಲ ಕಡೆ ನೋಡಿದರು.

ಬೆಣ್ಣೆಕೈ ಒಮ್ಮೆ ಆಕೆಯನ್ನು, ಒಮ್ಮೆ ಕಂಡಕ್ಟರನ್ನು ನೋಡಿದಳು. ನಡೆದದ್ದನ್ನು ನಾನು ಹೇಳಿದೆ. ಅವಳು ಬಾಚಣಿಗೆಯನ್ನು ಕೆಳಗಿಟ್ಟು, "ನಾನು ಎಂಥಾ ಕೆಲಸ ಮಾಡ್ಬಿಟ್ಟೆ" ಎಂದಳು.

"ಒಳ್ಳೇ ಕೆಲಸವೇ ಮಾಡಿದ್ದು ತಾಯಿ" ಎಂದರು ಕಂಡಕ್ಟರು. "ನನ್ನಷ್ಟು ಕೆಟ್ಟದಾಗಿ ಮಾಡೋಕೆ ನಿಂಗೆ ಬರಲ್ಲ, ಅಷ್ಟೇ."

ಜಡೆಯ ಕೆಲಸ ಮತ್ತೆ ಕಂಡಕ್ಟರಿಗೇ ಇರಲಿ ಎಂದು ಮೇಲ್ವಿಚಾರಕಿ ವಿಷಯ ಕೇಳಿ ಅಂದೇ ಒಪ್ಪಿದರು. ಈಗ ಬೆಣ್ಣೆಕೈ ಆಕೆಯನ್ನು ಮೀಯಿಸಿದ ಮೇಲೆ ಬಿಸಿನೀರಿನ ಬೋಗುಣಿ ತಂದು ಕಂಡಕ್ಟರ ಕೈಗಳನ್ನು ಅದ್ದಿಸಿ, ಒಂದೊಂದೇ ಬೆರಳನ್ನು ನೀವಿ ಸಡಿಲ ಮಾಡುತ್ತಾಳೆ. ಆಮೇಲೆ ಸುಮ್ಮನೆ ನಿಲ್ಲುತ್ತಾಳೆ. "ಸೊಟ್ಟಗೆ ಹೋಗ್ತಿರೋ ಬೈತಲೆ ನೋಡ್ಕೊಂಡು ಸುಮ್ನೆ ನಿಲ್ಲೋದಿದೆಯಲ್ಲ ಅಮ್ಮಾ, ಮೂರು ಮಹಡಿಯವರ ಬೆನ್ನುಜ್ಜೋದು ಅದಕ್ಕಿಂತ ಸುಲಭ" ಎಂದು ನನ್ನ ಬೆನ್ನುಜ್ಜುತ್ತಾ ಹೇಳಿದಳು.

ಕಂಡಕ್ಟರಮ್ಮ ಬೆಳಗಿನ ಊಟ ಮಾಡುತ್ತಾರೆ, ಗಂಡ ಹಿಂದೆ ನಿಂತಿರುವಾಗ. ಒಂದು ದಿನ ನನಗೆ ತಡೆಯಲಾಗದೆ, ಭುಜ ಆ ವರ್ಷವೇ ವಾಸಿಯಾಗಿತ್ತಂತೆ ಎಂದು ಕಂಡಕ್ಟರಿಗೆ ಹೇಳಿಬಿಟ್ಟೆ.

"ಗೊತ್ತು ಅಕ್ಕಾ. ಅದೇ ಕೈ ಎತ್ತಿ ಬಟ್ಟೆ ಒಣಗಿಹಾಕ್ತಿದ್ದದ್ದನ್ನ ಬಸ್ಸಿಂದ ನೋಡಿದ್ದೆ. ನಾನೂ ಹೇಳ್ಲಿಲ್ಲ" ಎಂದರು.

ಬೆರಳುಗಳು ಹಾಗೇ ಉಳಿಯಲಿಲ್ಲ. ಚಳಿಗಾಲ ಬಂದಾಗಿನಿಂದ ಜಡೆ ಭುಜದ ತನಕ ಇಳಿಯುವಷ್ಟರಲ್ಲಿ ಸೋಲುತ್ತವೆ. ಉಳಿದದ್ದನ್ನು ಬೆಣ್ಣೆಕೈ ಮುಗಿಸಬೇಕು. ಹಾಗಾಗಿ ಕಂಡಕ್ಟರು ಕೈ ಬಿಡುವ ಮುಂಚೆ ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, "ಬರ್ಲೇನೇ ಹಾಗಾದ್ರೆ?" ಎನ್ನುತ್ತಾರೆ.

"ಬೇಗ ಬನ್ನಿ" ಎನ್ನುತ್ತಾರೆ ಆಕೆ.

"ಹೂಂ. ಬೇಗ ಬರ್ತೀನಿ."

ಜಡೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಕಂಡಕ್ಟರು ಮೆಲ್ಲಗೆ ಸುತ್ತಿ ಬಂದು ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ. ಆಕೆ ಅವರ ಭುಜದ ಮೇಲಿನಿಂದ ಬಾಗಿಲ ಕಡೆ ನೋಡುತ್ತಾರೆ. ಎಷ್ಟೋ ಸಲ ಕಂಡಕ್ಟರೂ ಹಿಂದಕ್ಕೆ ತಿರುಗಿ ಬಾಗಿಲು ನೋಡುವುದನ್ನು ನಾನು ಕಂಡಿದ್ದೇನೆ.