ಅಡುಗೆ ಕಟ್ಟೆಯ ಅಳತೆ

ನಮ್ಮ ಮಾವನವರು ಒಂದು ಕಟ್ಟು ಸೊಪ್ಪು ಕೊಳ್ಳಬೇಕಾದರೂ ಸಂತೆಯನ್ನೆಲ್ಲ ಸುತ್ತಿ ಬರುವವರು. ಅಂಥವರ ತಲೆಗೆ ಅಡುಗೆಮನೆಯ ಕಟ್ಟೆ ಒಡೆಸಿ ಹೊಸದು ಕಟ್ಟಿಸುವ ಕೆಲಸ ಬಿದ್ದರೆ ಅದು ಹೇಗೆ ಎಳೆದಾಡಿರಬೇಕು ಎಂದು ಯಾರಾದರೂ ಊಹಿಸಬಹುದು. ಆಗ ಅರವತ್ತರ ದಶಕ ಶುರುವಾಗಿತ್ತು. ನಾನು ಮದುವೆಯಾಗಿ ಕೊಳಾಲದಿಂದ ಮಧುಗಿರಿಯ ಆ ಮನೆಗೆ ಬಂದ ಹೊಸತು.

ಹಳೆಯ ಕಟ್ಟೆ ಮಣ್ಣಿನದು. ನೆಲದಿಂದ ಒಂದು ಗೇಣು ಎತ್ತರ, ಅದರಲ್ಲಿ ಎರಡು ಒಲೆ. ಅತ್ತೆ ಅದರ ಮುಂದೆ ಕೂತು ಅಡುಗೆ ಮಾಡುತ್ತಿದ್ದರು. ಕೂರುವುದು ಹೇಗೋ ಆಗುತ್ತಿತ್ತು. ಏಳುವಾಗ ಮಾತ್ರ ಮೊದಲು ಮಂಡಿ ಹಿಡಿದು, ಆಮೇಲೆ ಗೋಡೆ ಹಿಡಿದು, ಕೊನೆಗೆ ನನ್ನ ತೋಳು ಹಿಡಿದು ಏಳುತ್ತಿದ್ದರು. ಹಾಗಿದ್ದರೂ ಮುದ್ದೆ ಕೋಲನ್ನು ನನ್ನ ಕೈಗೆ ಕೊಟ್ಟವರಲ್ಲ. ಕಾಳು ಬಿಡಿಸುವುದು, ಖಾರ ರುಬ್ಬುವುದು, ಸೌದೆ ಒಟ್ಟುವುದು ಎಲ್ಲ ನನ್ನ ಪಾಲಿಗೆ, ಮುದ್ದೆ ಅವರ ಪಾಲಿಗೆ. ಬಿಸಿ ಪಾತ್ರೆಯನ್ನು ನೆಲಕ್ಕಿಳಿಸಿ, ಅದರ ಕಂಠಕ್ಕೆ ಕವೆಗೋಲು ಸಿಕ್ಕಿಸಿ, ಕವೆಯ ತುದಿಗಳನ್ನು ಎರಡೂ ಪಾದಗಳಲ್ಲಿ ಒತ್ತಿ ಹಿಡಿದು ಅವರು ತಿರುವುತ್ತಿದ್ದರೆ ನೋಡುತ್ತಾ ನಿಲ್ಲಬೇಕು ಅನಿಸುತ್ತಿತ್ತು. ಅವರು ತಿರುವಿದ ಮುದ್ದೆಯಲ್ಲಿ ಗಂಟು ಸಿಕ್ಕಿತೆಂದು ಯಾರೂ ಹೇಳಿದ್ದಿಲ್ಲ. ಬೀದಿಯಲ್ಲೆಲ್ಲ ಅವರಿಗೆ ಆ ಹೆಸರಿತ್ತು, ಆ ಹೆಸರಿನ ಮೇಲೆ ಒಂದಿಷ್ಟು ಜಂಬವೂ ಇತ್ತು.

ಇನ್ನು ಮೇಲೆ ನೆಲಕ್ಕೆ ಕೂರಲೇಬಾರದು ಎಂದು ಡಾಕ್ಟರು ಹೇಳಿಬಿಟ್ಟರು. ಈಗ ಒಲೆ ಮೇಲೇರಬೇಕು, ಇಲ್ಲವೆ ಕೋಲು ಕೈ ಬದಲಾಯಿಸಬೇಕು. ಅತ್ತೆ ಆಸ್ಪತ್ರೆಯ ಮೆಟ್ಟಿಲು ಇಳಿಯುವ ಮೊದಲೇ, ನಿಂತು ಅಡುಗೆ ಮಾಡುವಂಥ ಕಲ್ಲಿನ ಕಟ್ಟೆ ಬೇಕು ಎಂದರು.

ಮಾವ ಮೊದಲು ಕರೆತಂದದ್ದು ಕೊರಟಗೆರೆಯ ಒಬ್ಬ ಕಂಟ್ರಾಕ್ಟರನ್ನು. ಸರ್ಕಾರಿ ಕಚೇರಿಗಳ ಕಾಂಪೌಂಡು ಕಟ್ಟಿದ ಮನುಷ್ಯ. ಜೇಬಿನಲ್ಲಿ ಟೇಪು, ಕಂಕುಳಲ್ಲಿ ಕೊಡೆ. ಅಡುಗೆಮನೆಯ ನಾಲ್ಕೂ ಗೋಡೆ ಅಳೆದು, ಸಿಮೆಂಟಿನಲ್ಲಿ ಹಾಗೆ ಮಾಡಬಹುದು ಹೀಗೆ ಮಾಡಬಹುದು ಎಂದು ವಿವರಿಸಿದರು. ಒಲೆಯ ಬೂದಿ ಎಲ್ಲಿ ಬೀಳುತ್ತದೆ ಎಂದು ಅತ್ತೆ ಕೇಳಿದರು. ತಾವು ಕಟ್ಟಿದ ಯಾವ ಕಟ್ಟಡದಲ್ಲೂ ಬೂದಿ ಬಿದ್ದಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿದರು. ಅಲ್ಲಿಗೆ ಅವರ ಮಾತುಕತೆ ಮುಗಿಯಿತು.

ಆಮೇಲೆ ಯಾರೋ ಪಾವಗಡದ ಕಡೆ ಒಳ್ಳೆಯ ಚಪ್ಪಡಿ ಸಿಗುತ್ತದೆ ಎಂದರು. ಮಾವ ಬಸ್ಸು ಹತ್ತಿ ಹೋದರು. ಕಲ್ಲು ಕೆಲಸದವನು ಮಾತಾಡಿದ್ದೆಲ್ಲ ತೆಲುಗು. ಮಾವನವರಿಗೆ ತೆಲುಗು ಬಾರದು. ಬಾರದು ಎಂದು ಒಪ್ಪಿಕೊಳ್ಳುವ ಸ್ವಭಾವವೂ ಅಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಬಂದರು. ಏನು ಮಾತಾಯಿತು ಎಂದರೆ, ಎಲ್ಲ ಮಾತಾಯಿತು ಎನ್ನುತ್ತಿದ್ದರು. ಏನು ಮಾತಾಗಿತ್ತು ಎಂಬುದು ಒಂದು ಮಧ್ಯಾಹ್ನ ಕಡಲೆಕಾಯಿ ಮೂಟೆಯ ಲಾರಿ ನಮ್ಮ ಮನೆ ಮುಂದೆ ನಿಂತಾಗ ತಿಳಿಯಿತು. ನಾಲ್ಕು ಜನ ಇಳಿಸಿದ ಚಪ್ಪಡಿ ಅಂಗಳ ಸೇರಿತು. ಕಟ್ಟುವವರು ಗೊತ್ತಾಗುವ ಮೊದಲೇ ಕಟ್ಟೆ ಬಂದು ಮಲಗಿತ್ತು. ಕೆಲವು ವಾರ ನೆರೆಹೊರೆಯವರು ಸಂಜೆ ಅದರ ಮೇಲೆ ಕೂತು, ಇದನ್ನು ಒಳಗೆ ಯಾವಾಗ ಹಾಕಿಸುತ್ತೀರಿ ಎಂದು ಮಾವನವರನ್ನೇ ಕೇಳುತ್ತಿದ್ದರು.

ಕೊನೆಗೆ ಗೊತ್ತಾದವರು ಶಿರಾದ ಒಬ್ಬ ಗಾರೆ ಮೇಸ್ತ್ರಿ, ಬಿಳಿ ಗಡ್ಡದ ಸಾಬರು. ಅವರು ಕಟ್ಟಿದ್ದ ಒಂದು ಅಂಗಡಿಯ ಜಗಲಿಯನ್ನು ಮಾವ ಶಿರಾಕ್ಕೇ ಹೋಗಿ ಪರೀಕ್ಷೆ ಮಾಡಿದ್ದರು. ಪರೀಕ್ಷೆ ಎಂದರೆ, ಅಂಗಡಿಯವನು ಏನು ಬೇಕು ಎಂದು ಕೇಳುವವರೆಗೂ ಅದರ ಮೇಲೆ ಕೂತಿದ್ದು ಬಂದದ್ದು.

ಮೇಸ್ತ್ರಿ ಬಂದವರು ನಡುಮನೆಯಲ್ಲೇ ನಿಂತು ಒಳಗೆ ನೋಡಿದರು. ಬೂದಿ ಹಿತ್ತಿಲ ಕಡೆ ಬೀಳುವ ಹಾಗೆ ಗೋಡೆಗೆ ಕಿಂಡಿ ಬಿಡುತ್ತೇನೆ ಎಂದು ಕೇಳುವ ಮೊದಲೇ ಹೇಳಿದರು. ಅತ್ತೆಯ ಮುಖ ಅರಳಿತು. ಆಮೇಲೆ ಮೇಸ್ತ್ರಿ ಒಂದು ಮಾತು ಕೇಳಿದರು.

"ಅಮ್ಮಾ, ನಿಂತ್ಕಂಡು ಹಿಟ್ಟು ತಿರುವೋರು ಯಾರು? ಅವರ ಸೊಂಟದ ಅಳತೆಗೆ ಕಲ್ಲು ಕೂರಿಸ್ಬೇಕು."

ಅತ್ತೆ ನನ್ನ ಭುಜದವರೆಗೂ ಬರುತ್ತಿರಲಿಲ್ಲ. ನನ್ನ ಅಳತೆಗೆ ಕಟ್ಟಿದರೆ ಅವರಿಗೆ ಪಾತ್ರೆಯ ಒಳಗೆ ಕಾಣುವುದೂ ಕಷ್ಟ. ಮುದ್ದೆಗೋ ಮೇಲಿನಿಂದ ಬಲ ಬೀಳಬೇಕು. ಆದರೆ ಮನೆಗೆ ಸೊಸೆ ಬಂದ ಮೇಲೂ ಹೊರಗಿನವರ ಎದುರು ನಾನೇ ತಿರುವುವುದು ಎಂದು ಯಾವ ಅತ್ತೆ ಹೇಳಿಯಾಳು? ನಮ್ಮ ಕಡೆ ಅದಕ್ಕೆಂದೇ ಸಿದ್ಧವಾದ ಉತ್ತರವಿದೆ. ಅವರು ಅದನ್ನೇ ಹೇಳಿದರು.

"ಇನ್ಯಾರು ಸಾಬ್ರೇ, ಸೊಸೆ ಬಂದವ್ಳಲ್ಲ. ಇನ್ಮೇಲೆ ಅವಳೇ."

ಮೇಸ್ತ್ರಿ ಒಂದು ಹುರಿ ಕೊಟ್ಟು, ಸೊಂಟದ ಹತ್ತಿರ ಗಂಟು ಹಾಕಿ ತನ್ನಿ ಎಂದರು. ಅತ್ತೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಗೋಡೆಗೆ ಒರಗಿಸಿ ನಿಲ್ಲಿಸಿದರು. ಹುರಿಯ ತುದಿಯನ್ನು ಕಾಲಲ್ಲಿ ಮೆಟ್ಟಿಕೊಂಡು ನನ್ನ ಸೊಂಟದವರೆಗೂ ಎಳೆದು ಹಾಗೇ ಹಿಡಿದುಕೊಂಡರು. ಗಂಟು ಹಾಕಲು ಬೆರಳು ಬರುತ್ತಿರಲಿಲ್ಲ. ಮುಖ ನೋಡಿದೆ, ಕಣ್ಣು ತುಂಬಿತ್ತು. ನನಗೆ ಅವರ ಮೇಲೆ ತುಂಬಾ ಮರುಕ ಬಂತು. ಕೊನೆಗೆ ಗಂಟು ಹಾಕಿ, ಮೂಗು ಒರೆಸಿಕೊಂಡು, ಹುರಿ ಹಿಡಿದು ಹೊರಟರು.

ಅಡುಗೆಮನೆಯಿಂದ ನಡುಮನೆಗೆ ಹೋಗುವಾಗ ಒಂದು ಕತ್ತಲೆ ಓಣಿಯಿದೆ. ಅತ್ತೆ ಅದನ್ನು ದಾಟಲು ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಮೇಸ್ತ್ರಿ ಹುರಿಯನ್ನು ಇಳಿಬಿಟ್ಟು ನೋಡುವಾಗ ನಾನು ಬಾಗಿಲ ಮರೆಯಿಂದ ಇಣುಕಿದೆ. ಅಷ್ಟರೊಳಗೆ ನನ್ನ ಸೊಂಟ ಒಂದು ಗೇಣು ಕೆಳಗಿಳಿದಿತ್ತು.

ಕೆಲಸ ಮುಗಿಯುವವರೆಗೆ ಒಲೆ ಹಿತ್ತಿಲಿಗೆ ಹೋಯಿತು, ಮಣ್ಣಿನ ಕಟ್ಟೆ ಒಡೆಯಿತು, ಗೋಡೆಗೆ ಕಿಂಡಿ ಬಂತು, ಪಾವಗಡದ ಚಪ್ಪಡಿ ಒಳಗೆ ಬಂದು ಕೂತಿತು. ಪಕ್ಕದ ಮನೆಯವರು ಚಪ್ಪಲಿ ಹಾಕಿಕೊಂಡು ಅಂಗಳ ತುಳಿದರೂ ಮುಖ ಗಂಟಿಕ್ಕುವ ಅತ್ತೆ, ಮೇಸ್ತ್ರಿಗೆ ಅಡುಗೆಮನೆಯಲ್ಲೇ ಕಾಫಿ ಕೊಟ್ಟರು. ಎಲ್ಲ ಚೆನ್ನಾಗಿ ಮುಗಿಯಿತು ಅನ್ನುವಾಗ ಮಾವ ಕಟ್ಟೆಯ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು. ಇಷ್ಟೆತ್ತರದ ಸೊಸೆಗೆ ಇಷ್ಟು ತಗ್ಗಾದ ಕಟ್ಟೆಯೆ? ಅಳತೆ ತಪ್ಪಿದೆ, ಒಡೆದು ಮತ್ತೆ ಕಟ್ಟಬೇಕು ಎಂದರು. ಊರೂರು ಸುತ್ತಿ ಆರಿಸಿದ ಮೇಸ್ತ್ರಿ ಹೀಗೆ ಮಾಡಿದರೆ ತಮ್ಮ ಮರ್ಯಾದೆ ಏನಾಗಬೇಕು ಎಂದೂ ಕೇಳಿದರು.

ಮೇಸ್ತ್ರಿ ಚೀಲದಿಂದ ಹುರಿ ತೆಗೆದು ಕಟ್ಟೆಗೆ ಹಿಡಿದರು. ಗಂಟು ಸರಿಯಾಗಿ ಚಪ್ಪಡಿಯ ಅಂಚಿಗೆ ಬಂತು.

"ಅಮ್ಮಾವ್ರು ಕೊಟ್ಟ ಹುರಿ ಇದೇ ಯಜಮಾನ್ರೇ. ಗಂಟು ಎಲ್ಲೈತೋ ಕಲ್ಲೂ ಅಲ್ಲೇ ಐತೆ."

ಮಾವ ಅತ್ತೆಯ ಕಡೆ ತಿರುಗಿದರು. ಅತ್ತೆ ಸೆರಗಿನ ತುದಿಯಲ್ಲಿ ಏನೋ ಹುಡುಕುತ್ತಿದ್ದರು. ಮೇಸ್ತ್ರಿಯ ಹೆಸರು ಕೆಡಬೇಕು, ಇಲ್ಲವೆ ಎಲ್ಲರ ಎದುರು ಅತ್ತೆ ತಲೆ ತಗ್ಗಿಸಬೇಕು. ನಾನು ಮುಂದೆ ಹೋಗಿ ಕಟ್ಟೆಯ ಎದುರು ನಿಂತೆ. ನಿಂತೆ ಎಂದರೆ ಸ್ವಲ್ಪ ಮಂಡಿ ಬಗ್ಗಿಸಿ ನಿಂತೆ. ಸೀರೆಯೊಳಗಿನ ಮಂಡಿ ಯಾರಿಗೆ ಕಾಣುತ್ತದೆ?

"ಅಳತೆ ನಂದೇ ಮಾವ. ನಂಗೆ ಸರಿಯಾಗೈತೆ."

ಮಾವ ಕನ್ನಡಕ ಸರಿಮಾಡಿಕೊಂಡು ನನ್ನನ್ನೂ ಕಟ್ಟೆಯನ್ನೂ ನೋಡಿದರು. ಆಮೇಲೆ, ಈ ಮೇಸ್ತ್ರಿ ಒಳ್ಳೆ ಕೆಲಸಗಾರ ಎಂದು ತಾವು ಮೊದಲಿಂದಲೂ ಹೇಳುತ್ತಿರಲಿಲ್ಲವೆ ಎಂದು ನಮ್ಮನ್ನೇ ಕೇಳಿದರು.

ಮಾರನೆಯ ಬೆಳಿಗ್ಗೆ ಹೊಸ ಕಟ್ಟೆಯ ಮೇಲೆ ಮೊದಲ ಮುದ್ದೆ. ಅತ್ತೆ ನೆಟ್ಟಗೆ ನಿಂತು, ಬೆಂದ ಹಿಟ್ಟಿನ ಪಾತ್ರೆಯನ್ನು ಒಲೆಯಿಂದ ಪಕ್ಕಕ್ಕೆ ಸರಿಸಿ, ಕೋಲು ಹಾಕಿ ತಿರುವಿದರು. ಕೋಲಿನ ಜೊತೆಗೆ ಪಾತ್ರೆಯೂ ತಿರುಗಿತು. ಇನ್ನೊಮ್ಮೆ ಬಲವಾಗಿ ತಿರುವಿದರು, ಪಾತ್ರೆ ಇನ್ನೂ ಚೆನ್ನಾಗಿ ತಿರುಗಿತು. ಅವರು ತಮ್ಮ ಕಾಲು ನೋಡಿಕೊಂಡರು. ಸೊಂಟದ ಅಳತೆಗೆ ಅಷ್ಟೊಂದು ಪಾಡುಪಟ್ಟಿದ್ದೆವು, ಪಾತ್ರೆ ಹಿಡಿಯುತ್ತಿದ್ದ ಪಾದಗಳು ನೆಲದಲ್ಲೇ ಉಳಿಯುತ್ತವೆ ಎಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

"ನಗ್ಬೇಡ, ಬಾ ಇಲ್ಲಿ," ಎಂದರು. ಪಾತ್ರೆ ಹಿಡಿಯಲು ಕರೆಯುತ್ತಿದ್ದಾರೆ ಎಂದು ಹೋದೆ. ಅವರು ಕವೆಗೋಲನ್ನು ತಾವೇ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು, ಗದ್ದದಿಂದ ಕೋಲು ತೋರಿಸಿದರು.

"ಅಳತೆ ನಂದೇ ಅಂದ್ಯಲ್ಲ. ಹಂಗಾದ್ರೆ ಕೋಲೂ ನಿಂದೇ. ತಿರುವು, ನಾನು ಹಿಡ್ಕಂತೀನಿ."

ತಿರುವಿದೆ. ತಗ್ಗಾದ ಕಟ್ಟೆಯಾದ್ದರಿಂದ ಬಲವೇನೋ ಚೆನ್ನಾಗಿ ಬಿತ್ತು, ಆದರೆ ಕೈ ಹೊಸದು. ಬದಿಗೆ ಒತ್ತು, ಅಡಿಯಿಂದ ಎತ್ತು ಎಂದು ಅವರು ಹೇಳಿಕೊಡುತ್ತಾ ಹೋದರು. ಅವರ ಬೆವರು ಚಪ್ಪಡಿಯ ಮೇಲೆ, ನನ್ನದೂ ಚಪ್ಪಡಿಯ ಮೇಲೆ. ಮುದ್ದೆ ಕಟ್ಟಿದವರು ಮಾತ್ರ ಅವರು.

ಮಾವ ಊಟಕ್ಕೆ ಕೂತರು. ಮೊದಲ ತುತ್ತು ಮುರಿದವರ ಕೈ ಹಾಗೇ ನಿಂತಿತು. ತುತ್ತಿನ ನಡುವೆ ಬೇಯದ ಹಿಟ್ಟಿನ ಗಂಟು. ಅದನ್ನು ತಟ್ಟೆಯ ಅಂಚಿಗೆ ಇಟ್ಟು, ಇವತ್ತು ತಿರುವಿದವರು ಯಾರು ಎಂದು ಕೇಳಿದರು. ನಾನು ಸಾರಿನ ಪಾತ್ರೆ ಹಿಡಿದು ನಿಂತಲ್ಲೇ ನಿಂತೆ.

"ನಾನೇ ಕಣ್ರಿ," ಎಂದರು ಅತ್ತೆ, ಇನ್ನೊಂದು ಮುದ್ದೆಯನ್ನು ಅವರ ತಟ್ಟೆಗೆ ಇಡುತ್ತಾ. "ವಯಸ್ಸಾಯ್ತಲ್ಲ, ಸುಮ್ನೆ ಉಣ್ಣಿ."