ಸದ್ದಿಗೆ ಮೊದಲೇ ಬಿಸಿಯಾದ ತೋಟಾ

ಸುನಂದಾ, ಮಾರುತಿ, ನೀವು ಸಣ್ಣವರಿದ್ದಾಗ ನಾನು ದಿನಾ ಸಂಜೆ ದೇವರ ಜಗಲಿಯ ಮೇಲಿನ ಉದ್ದನೆಯ ಹಿತ್ತಾಳೆ ಡಬ್ಬಿಯನ್ನು ಮುಟ್ಟಿ ನೋಡುವುದನ್ನು ಕಂಡು ನಗುತ್ತಿದ್ದಿರಿ. ಅಜ್ಜಿ ಡಬ್ಬಿಗೆ ಜ್ವರ ಬಂದಿದೆಯೇ ಎಂದು ನೋಡುತ್ತಾಳೆ ಎಂದು ಮಾರುತಿ ಅಣಕಿಸುತ್ತಿದ್ದ. ಅವನ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಎದುರು ಕುಳಿತು ಇದನ್ನೆಲ್ಲ ಹೇಳುವುದು ನನ್ನಿಂದ ಆಗದು. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಶಕುನ, ಮೈಮೇಲೆ ಬರುವುದು, ಇವನ್ನು ನಾನು ನಂಬಿದವಳಲ್ಲ. ನನ್ನ ತವರು ರನ್ನ ಬೆಳಗಲಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತೆ. ಅಲ್ಲಿಯ ಮಾಸ್ತರರು ಹುಣಸೆಮರದ ದೆವ್ವವನ್ನು ತೋರಿಸುತ್ತೇನೆಂದು ನಮ್ಮನ್ನೆಲ್ಲ ಕರೆದೊಯ್ದು, ಅದೊಂದು ಮುದಿ ಗೂಗೆ ಎಂದು ತೋರಿಸಿದ್ದರು. ಆಮೇಲೆ ಯಾರು ಏನು ಹೇಳಿದರೂ ನನಗೆ ಆ ಗೂಗೆಯೇ ನೆನಪಾಗುತ್ತಿತ್ತು.

ಶಕುನವನ್ನು ನಂಬದಿರಲು ಇನ್ನೊಂದು ಕಾರಣವೂ ಇತ್ತು. ಮಾವನ ಪಾಲಿಗೆ ನಾನೇ ಅಪಶಕುನ. ನಾನು ಮದುವೆಯಾಗಿ ಜಮಖಂಡಿಗೆ ಬಂದ ವರ್ಷವೇ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು. ಮಾವ ಸಂಸ್ಥಾನದ ತೋಪಖಾನೆಯಲ್ಲಿ ದಫೇದಾರರಾಗಿದ್ದವರು. ಅತ್ತೆ ಮೊದಲೇ ತೀರಿಕೊಂಡಿದ್ದರು. ಹೀಗಾಗಿ ಅವರ ಸಿಟ್ಟಿಗೆಲ್ಲ ಮನೆಯಲ್ಲಿ ಸಿಕ್ಕವಳು ನಾನೊಬ್ಬಳೇ. ನಾನು ತಾಟು ಇಡುವಾಗ ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು: "ಬೆಳಗಲಿ ಕಾಲು ಭಾಳ ಛಲೋ ಐತಿ. ಹೊಸ್ತಿಲಾ ದಾಟೂದ್ರಾಗ ಒಂದು ಸಂಸ್ಥಾನಾನ ನುಂಗೇತಿ."

ಹಳೆಯ ಕಚೇರಿಯ ಮುಂದಿನ ಬೇವಿನಮರದ ಕೆಳಗೆ ಒಂದು ತೋಪು, ಅಂದರೆ ಫಿರಂಗಿ, ಇತ್ತು. ಅದು ನೆಲದ ತೋಪಲ್ಲ, ಹಡಗಿನದು. ಅದರ ಕಥೆಯನ್ನು ಮಾವ ಮಗನಿಗೆ ಹೇಳುವಾಗ ನಾನು ಒಳಗಿನಿಂದ ಕೇಳಿದ್ದೇನೆ. ಹಿಂದೆ ದೊಡ್ಡ ಯುದ್ಧದ ಹಡಗುಗಳಿಗೆ ಸಣ್ಣ ದೋಣಿಗಳ ಭಯ ಹುಟ್ಟಿತಂತೆ. ಕತ್ತಲಲ್ಲಿ ಹತ್ತಿರ ನುಸುಳಿ, ನೀರಿನೊಳಗಿಂದ ಸಿಡಿಮದ್ದು ಬಿಟ್ಟು ಹಡಗಿನ ಹೊಟ್ಟೆ ಒಡೆಯುವ ದೋಣಿಗಳು. ದೊಡ್ಡ ತೋಪುಗಳು ಅತ್ತ ತಿರುಗುವುದರೊಳಗೆ ಕೆಲಸ ಮುಗಿದಿರುತ್ತಿತ್ತು. ಅದಕ್ಕಾಗಿ ಫ್ರಾನ್ಸ್ ದೇಶದಲ್ಲಿ ಈ ಹಗುರ ತೋಪನ್ನು ತಯಾರಿಸಿದರು. ಇದರಲ್ಲಿ ಗುಂಡು, ಮದ್ದು ಎಲ್ಲ ಒಂದೇ ಹಿತ್ತಾಳೆಯ ಕೊಳವೆಯಲ್ಲಿ. ಅದಕ್ಕೆ ತೋಟಾ ಎನ್ನುತ್ತಾರೆ. ಒಬ್ಬ ಭುಜ ಕೊಟ್ಟು ಗುರಿ ಹಿಡಿದರೆ ಇನ್ನೊಬ್ಬ ತೋಟಾ ತುರುಕುತ್ತಾನೆ. ಹಿಂದಿನ ಬಾಗಿಲು ತೆರೆದರೆ ಖಾಲಿ ತೋಟಾ ತಾನೇ ಹೊರಗೆ ಹಾರುತ್ತದೆ. ಉಸಿರು ಬಿಡುವುದರೊಳಗೆ ಇನ್ನೊಂದು. ಮುಂದೆ ದೋಣಿಗಳೇ ದೊಡ್ಡವಾದವು, ಈ ತೋಪಿನ ಏಟು ಅವುಗಳಿಗೆ ತಾಗದಾಯಿತು. ಹಡಗಿನಿಂದ ಇಳಿದು ಇದು ಬರೀ ಸಲಾಮಿನ ತೋಪಾಯಿತು. ನಮ್ಮದು ಮುಂಬಯಿ ಬಂದರಿನಿಂದ ರೈಲಿನಲ್ಲಿ ಕುಡಚಿಗೆ ಬಂದು, ಅಲ್ಲಿಂದ ಚಕ್ಕಡಿ ಏರಿ ಊರು ಸೇರಿತ್ತಂತೆ. ಸಮುದ್ರ ಕಾಣದ ಊರಿಗೆ ಹಡಗಿನ ತೋಪು, ಹಲ್ಲಿಲ್ಲದವಗ ಹುರದ ಕಡ್ಲಿ ಎಂದು ಓಣಿಯವರು ಮಾವನ ಬೆನ್ನ ಹಿಂದೆ ನಗುತ್ತಿದ್ದರು.

ಸಂಸ್ಥಾನದ ಕಾಲದಲ್ಲಿ ದಸರೆಗೆ ಅದು ಬರೀ ಮದ್ದಿನಿಂದ ಸಲಾಮು ಹೊಡೆಯುತ್ತಿತ್ತು. ಸರಕಾರ ಬದಲಾದ ಮೇಲೆ ಅದೂ ನಿಂತಿತು. ಮಾವ ಎರಡು ತೋಟಾಗಳನ್ನು ಮನೆಗೆ ತಂದು ದೇವರ ಜಗಲಿಯ ಮೇಲೆ ಇಟ್ಟಿದ್ದರು. ಒಂದು ಖಾಲಿ, ಇನ್ನೊಂದು ಮದ್ದು ತುಂಬಿದ್ದು. ಪ್ರತಿ ವರ್ಷ ದಸರೆಯ ಖಂಡೆಪೂಜೆಗೆ ಕತ್ತಿಯೊಂದಿಗೆ ಅವೆರಡಕ್ಕೂ ಹಾಲು ನೀರಿನ ಸ್ನಾನ, ಅರಿಷಿಣ ಕುಂಕುಮ. ಆಯುಧವೆಂದರೆ ದೇವರು, ದೇವರಿಗೆ ಸ್ನಾನ ಬೇಡವೇ? ನಮಗೆ ಯಾರಿಗೂ ಬೇರೆ ವಿಚಾರ ಹೊಳೆಯಲಿಲ್ಲ.

ಒಂದು ದಿನ ತೋಪನ್ನು ಒಯ್ಯಲು ಲಾರಿ ಬರುತ್ತದೆಂದು ಸುದ್ದಿ ಬಂತು. ಮಾವ ಮೂರು ಹೊತ್ತು ಊಟ ಬಿಟ್ಟರು. ಆಮೇಲೆ ಕಚೇರಿಯ ಹೊಸ ಸಾಹೇಬರ ಬಳಿ ಹೋಗಿ, ಒಯ್ಯುವ ಮುಂಚೆ ಒಂದು ಸಲ ಸೂರ್ಯ ಮುಳುಗುವಾಗ ಸಲಾಮು ಹೊಡೆಸಲು ಒಪ್ಪಿಗೆ ಪಡೆದು ಬಂದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು. ಭುಜ ಕೊಡಬೇಕಾದವರು ನಿಮ್ಮ ಅಜ್ಜ. ಅವರಿಗೆ ತೋಪು ಎಂದರೆ ಆಗುತ್ತಿರಲಿಲ್ಲ. ರಬಕವಿಯಲ್ಲಿ ಮಗ್ಗದ ಕೆಲಸಕ್ಕೆ ಸೇರುವ ಆಸೆ ಇತ್ತು, ಆದರೆ ಅಪ್ಪನ ಎದುರು ಬಾಯಿ ಬಿಡುವ ಧೈರ್ಯವಿರಲಿಲ್ಲ.

ಅಂದು ಸಂಜೆ ಮದ್ದಿನ ತೋಟಾವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಇಬ್ಬರೂ ಹೊರಟರು. ಹೊಸ್ತಿಲಲ್ಲಿ ಮಾವ ತಿರುಗಿ ಹೇಳಿದರು: "ಏ ಬೆಳಗಲಿಯಾಕಿ, ಇವತ್ತ ಹೊರಗ ಮಾರಿ ತೋರಸಬ್ಯಾಡ. ನಿನ್ನ ನೆಳ್ಳ ತೋಪಿನ ಮ್ಯಾಲೆ ಬೀಳಬಾರದು." ಹೆಂಗಸರು ತೋಪಿನ ಹತ್ತಿರ ಹೋಗುವ ಪದ್ಧತಿ ಮೊದಲೇ ಇರಲಿಲ್ಲ. ನಾನು ತಲೆ ತಗ್ಗಿಸಿ ಒಳಗೆ ಬಂದೆ.

ದೀಪ ಹಚ್ಚುವ ಹೊತ್ತು. ದೇವರ ಸಾಮಾನು ಬೆಳಗಲು ಕುಳಿತೆ. ತಂಬಿಗೆ ಆಯಿತು, ಆರತಿ ಆಯಿತು, ಕೊನೆಗೆ ಖಾಲಿ ತೋಟಾ ಹಿಡಿದೆ. ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ ಅದು ಬೆಚ್ಚಗಾಯಿತು. ತಿಕ್ಕಿದ್ದಕ್ಕೆ ಇರಬೇಕು ಎಂದುಕೊಂಡೆ. ಮರುಗಳಿಗೆಗೆ ಹುಣಸೆನೀರು ಚುರ್ ಎಂದಿತು. ಒಲೆಯ ಮೇಲಿನ ಪಾತ್ರೆಯಂತೆ ಕೈ ಸುಟ್ಟಿತು. ಕೈಬಿಟ್ಟೆ. ಅದು ಉರುಳಿ ಗೋಡೆಗೆ ತಾಗಿ ನಿಂತಿತು. ಅದರ ಬಾಯಿಂದ ಮದ್ದು ಸುಟ್ಟ ವಾಸನೆ.

ತೋಟಾ ಯಾವಾಗ ಬಿಸಿಯಾಗುತ್ತದೆ ಎಂದು ಮಾವನ ಮಾತಿನಿಂದ ನನಗೆ ಗೊತ್ತಿತ್ತು. ಹಾರಿದ ಮೇಲೆ. ಆದರೆ ಹೊರಗೆ ಇನ್ನೂ ಸದ್ದೇ ಆಗಿರಲಿಲ್ಲ. ಅಲ್ಲಿ ಏನೋ ಸರಿಯಿಲ್ಲ, ಇಷ್ಟೇ ನನಗೆ ಹೊಳೆದದ್ದು. ಸೆರಗು ಸರಿಮಾಡಿಕೊಳ್ಳದೆ ಓಡಿದೆ.

ಕಚೇರಿಯ ಮುಂದೆ ಜನ ನೆರೆದಿದ್ದರು. ಎಲ್ಲರೂ ನಗುತ್ತಿದ್ದರು. ನಡೆದದ್ದನ್ನು ನಿಮ್ಮ ಅಜ್ಜ ಆಮೇಲೆ ಹೇಳಿದರು. ತೋಪಿನ ಕುದುರೆಯನ್ನು, ಅಂದರೆ ಹಾರಿಸುವ ಕೀಲನ್ನು, ಎಳೆದರೆ ಟಕ್ ಎಂದು ತೋಪು ಸುಮ್ಮನಾಯಿತಂತೆ. ತೋಪು ಮುನಿಸಿಕೊಂಡರೆ ಬಾಗಿಲು ತೆರೆಯಬಾರದು, ಒಂದು ಎಲೆ ಅಡಿಕೆ ಜಗಿದು ಮುಗಿಯುವ ತನಕ ದೂರ ಕೂಡಬೇಕು. ಈ ಪಾಠವನ್ನು ಮಗನಿಗೆ ಕಲಿಸಿದವರು ಮಾವನೇ. ಆದರೆ ಗುಂಪಿನಿಂದ ಯಾರೋ ಕೂಗಿದರು: "ದಫೇದಾರ, ತೋಪಿಗೂ ಪಿಂಚಣಿ ಬಂದೇತೇನ?" ಆ ನಗೆಯನ್ನು ಮಾವ ತಾಳಲಾರದೆ, ಬಾಗಿಲು ತೆಗೆ ಎಂದು ಮಗನಿಗೆ ಗದರಿದರು.

ನಾನು ಕಂಡದ್ದು ಇಷ್ಟು. ನಿಮ್ಮ ಅಜ್ಜ ತೋಪಿನ ಬೆನ್ನಿಗೆ ಬಾಗಿ ಹಿಡಿಕೆ ಎಳೆಯುತ್ತಿದ್ದಾರೆ, ಮುಖ ಬಾಗಿಲಿಗೆ ನೇರ. ಗಂಡನ ಹೆಸರನ್ನು ನಾನು ಮದುವೆಯಲ್ಲಿ ಒಡಪಿನ ಪದದೊಳಗೆ ಕಟ್ಟಿ ಒಮ್ಮೆ ಹೇಳಿದ್ದೆ, ಅದೂ ಕೇಳಿಸದ ಹಾಗೆ. ಅಂದು ಎಲ್ಲರ ನಡುವೆ, ಒಡಪಿಲ್ಲದೆ, ಬರೀ ಹೆಸರು ಕೂಗಿದೆ: "ಪರಶುರಾಮಾ!"

ನಗೆ ನಿಂತಿತು. ಅವರು ಹಿಡಿಕೆ ಬಿಟ್ಟು, ಹೆಂಡತಿಗೆ ಹುಚ್ಚು ಹಿಡಿಯಿತೆಂದು ಗಾಬರಿಯಾಗಿ ನನ್ನ ಕಡೆ ಬಂದರು. ಆಗ ತೋಪು ಹಾರಿತು. ಮುಂದಕ್ಕಲ್ಲ, ಅರ್ಧ ತೆರೆದ ಬಾಗಿಲಿನಿಂದ ಹಿಂದಕ್ಕೆ ಉಗುಳಿತು. ಅವರ ಮುಖ ಇದ್ದ ಜಾಗದಲ್ಲೇ ಬೆಂಕಿ ಹಾದುಹೋಯಿತು. ತೋಟಾ ಹರಿದು ಕಚೇರಿಯ ಗೋಡೆಗೆ ಬಡಿದು ಗಾರೆ ಉದುರಿತು.

ಹೊಗೆ ಕರಗಿದ ಮೇಲೆ ಮಾವ ಮಗನ ಮೈ ತಡವಲಿಲ್ಲ. ನನ್ನ ಎದುರು ಬಂದು ನಿಂತು, "ಗಂಡನ ಹೆಸರಾ ಬಜಾರದಾಗ ಒದರಿದಿ. ಕಡೀ ಸಲಾಮನೂ ಕೆಡಿಸಿದಿ" ಎಂದರು. ನಾನು ಸುಟ್ಟ ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ನಿಮ್ಮ ಅಜ್ಜ ಮೊದಲ ಸಲ ಅಪ್ಪನಿಗೆ ಎದುರು ನಿಂತು, "ನಡಿ, ರಬಕವಿಗೆ ಹೋಗೂಣು" ಎಂದು ನನಗೆ ಹೇಳಿದರು. ಗಂಟು ಕಟ್ಟುವಾಗ ಮಾವ ಖಾಲಿ ತೋಟಾವನ್ನು ಅಂಗಳಕ್ಕೆ ಎಸೆದು ಬಾಗಿಲು ಹಾಕಿಕೊಂಡರು. ಎತ್ತಿಕೊಂಡೆ. ತಣ್ಣಗಿತ್ತು. ತೋಪು ಲಾರಿ ಏರಿ ಹೋಯಿತು. ಕರಗಿಸಿದರೋ, ಎಲ್ಲಿಯಾದರೂ ಇಟ್ಟರೋ ತಿಳಿಯದು.

ಮಾವ ನಮ್ಮ ಮನೆಗೆ ಒಮ್ಮೆಯೂ ಬರಲಿಲ್ಲ, ನನ್ನೊಂದಿಗೆ ಮಾತಾಡಲಿಲ್ಲ. ತೋಟಾ ನನ್ನ ಕೈ ಸುಟ್ಟ ಸಂಗತಿಯನ್ನು ನಿಮ್ಮ ಅಜ್ಜನ ಬಾಯಿಂದ ಕೇಳಿದ್ದರು. ಕೊನೆಗಾಲದಲ್ಲಿ ಗಂಜಿ ಕುಡಿಸಲು ಹೋದಾಗ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಖರೇನ ಬಿಸಿ ಆಗಿತ್ತೇನ?" ಹೌದೆಂದೆ. ಗೋಡೆಗೆ ಮುಖ ತಿರುಗಿಸಿದರು, ಗಂಜಿ ಮುಟ್ಟಲಿಲ್ಲ.

ಹಾಲು ನೀರಿನ ಪೂಜೆಯಿಂದ ಮದ್ದು ತೇವವಾಗಿ ತಡವಾಗಿ ಹತ್ತಿತು ಎಂದು ತಿಳಿದವರು ಹೇಳಿದ್ದಾರೆ. ಅದು ನನಗೂ ಒಪ್ಪಿಗೆ. ಮನೆಯ ಕತ್ತಲಲ್ಲಿದ್ದ ಖಾಲಿ ತೋಟಾ ಏಕೆ ಸುಟ್ಟಿತು ಎಂದು ಯಾರೂ ಹೇಳಲಿಲ್ಲ. ಗೂಗೆ ತೋರಿಸಲು ಮಾಸ್ತರರೂ ಇಲ್ಲ. ಅಂದಿನಿಂದ ದಿನಾ ಸಂಜೆ ಅದನ್ನು ಮುಟ್ಟಿ ನೋಡುತ್ತ ಬಂದೆ. ನಿಮ್ಮ ಅಜ್ಜ ಹಾಸಿಗೆಯಲ್ಲೇ ತೀರಿಕೊಂಡ ದಿನವೂ, ಅವರು ಹೋಗುವ ಸ್ವಲ್ಪ ಮುಂಚೆ, ಮುಟ್ಟಿದ್ದೆ. ತಣ್ಣಗಿತ್ತು. ಅದನ್ನು ನಂಬಿ ನಾನು ನೀರು ತರಲು ಎದ್ದು ಹೋದೆ, ಬರುವುದರೊಳಗೆ ಎಲ್ಲ ಮುಗಿದಿತ್ತು.

ಈ ಹಾಳೆಗಳನ್ನು ಸುರುಳಿ ಸುತ್ತಿ, ನೀವು ಡಬ್ಬಿ ಎನ್ನುತ್ತಿದ್ದ ಆ ತೋಟಾದೊಳಗೇ ಇಡುತ್ತಿದ್ದೇನೆ. ಜೋಪಾನ ಮಾಡಿರಿ. ಖಂಡೆಪೂಜೆಯ ದಿನ ಬೇಕಾದರೆ ಹೂ ಏರಿಸಿ, ನೀರು ಮಾತ್ರ ಹಾಕಬೇಡಿ.